ನೊಬೆಲ್ ಬಿಟ್ಟರೆ ವೈದ್ಯಕೀಯ ಸಂಶೋಧನೆಗೆ ದೊಡ್ಡ ಪ್ರಶಸ್ತಿ ಯಾವುದು?

ಹೆಚ್ಚಿನವರು ಹೇಳುವ ಹೆಸರು ಅಮೆರಿಕದ ಲಾಸ್ಕರ್ ಪ್ರಶಸ್ತಿ. ಆಲ್ಬರ್ಟ್ ಮತ್ತು ಮೇರಿ ಲಾಸ್ಕರ್ ದಂಪತಿ 1945ರಲ್ಲಿ ಇದನ್ನು ಶುರು ಮಾಡಿದರು. ತಮಾಷೆ ಏನಂದ್ರೆ, ಆಲ್ಬರ್ಟ್ ಜಾಹೀರಾತು ಉದ್ಯಮದವರು, ಸಿಗರೇಟ್ ಮಾರಾಟ ಹೆಚ್ಚಿಸಿ ಹೆಸರು ಮಾಡಿದವರು!

ಇದನ್ನು 'ಅಮೆರಿಕದ ನೊಬೆಲ್' ಅಂತ ಸುಮ್ನೆ ಕರೆಯುವುದಿಲ್ಲ. ಲಾಸ್ಕರ್ ಪಡೆದ ಹಲವರಿಗೆ ಕೆಲವು ವರ್ಷಗಳಲ್ಲಿ ನೊಬೆಲ್ ಕೂಡ ಬಂದಿದೆ. ಕೋವಿಡ್ ವಿರುದ್ಧ ಬಳಸಿದ ಎಂಆರ್‌ಎನ್‌ಎ ಲಸಿಕೆಗೆ ದಾರಿ ಮಾಡಿಕೊಟ್ಟ ಕ್ಯಾಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್‌ಗೆ 2021ರಲ್ಲಿ ಲಾಸ್ಕರ್, 2023ರಲ್ಲಿ ನೊಬೆಲ್ ಸಿಕ್ಕಿತು.

ನನಗೆ ಜಾಸ್ತಿ ಇಷ್ಟವಾದ ಕಥೆ ಚೀನಾದ ತು ಯೂಯೂ ಅವರದು. ಮಲೇರಿಯಾಕ್ಕೆ ಔಷಧ ಹುಡುಕುತ್ತಿದ್ದಾಗ ಒಂದು ಗಿಡದ ಸಾರ ಒಮ್ಮೆ ಕೆಲಸ ಮಾಡುತ್ತಿತ್ತು, ಇನ್ನೊಮ್ಮೆ ಇಲ್ಲ. ಸುಮಾರು 1,600 ವರ್ಷ ಹಳೆಯ ವೈದ್ಯ ಗ್ರಂಥವೊಂದನ್ನು ತೆಗೆದು ನೋಡಿದರು. ಗಿಡವನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಿರಿ ಅಂತ ಅದರಲ್ಲಿತ್ತು. ಕುದಿಸುವ ಮಾತೇ ಇಲ್ಲ! ಬಿಸಿಗೆ ಔಷಧದ ಗುಣ ಹಾಳಾಗುತ್ತಿರಬಹುದು ಅಂತ ಅವರಿಗೆ ಹೊಳೆಯಿತು. ಸುಮಾರು 35 ಡಿಗ್ರಿಗೇ ಕುದಿಯುವ ಈಥರ್ ಎಂಬ ದ್ರಾವಕ ಬಳಸಿ ಸಾರ ತೆಗೆದರು. 1971ರಲ್ಲಿ ಅದು ಫಲ ಕೊಟ್ಟಿತು. ಆ ಸಾರದಲ್ಲಿದ್ದ ಮಲೇರಿಯಾ ಔಷಧವೇ ಆರ್ಟೆಮಿಸಿನಿನ್. ಡಾಕ್ಟರೇಟ್ ಇಲ್ಲದ ಅವರಿಗೆ ಲಾಸ್ಕರ್ ಬಂದದ್ದು 2011ರಲ್ಲಿ, ನೊಬೆಲ್ 2015ರಲ್ಲಿ. ನಲವತ್ತು ವರ್ಷ ಕಾಯಬೇಕಾಯಿತು, ಅಲ್ವಾ?

ಕೆನಡಾದ ಗೇರ್ಡ್ನರ್ ಪ್ರಶಸ್ತಿಯೂ ಇದೇ ಸಾಲಿನದು. 1959ರಿಂದ ಕೊಡುತ್ತಿದ್ದಾರೆ.