ಲಿಬೆರಾ, ಮ್ಯಾಟ್ರಿಕ್ಸ್, ಡಿಸ್ಕಾರ್ಡ್, ಟೆಲಿಗ್ರಾಂ: ನಮ್ಮ ಕನ್ನಡ ತಂತ್ರಾಂಶ ಅನುವಾದ ಬಳಗಕ್ಕೆ ಯಾವುದು ಸರಿ?

ನಿಮ್ಮದು ಹದಿನೈದು ಜನರ ಬಳಗ, ನಾಲ್ಕು ಚಾಟ್ ಜಾಲಗಳು, ಮುಗಿಯದ ಚರ್ಚೆ. ಯಾವುದಕ್ಕೆ ಹೋಗೋಣ ಎಂದು ನನ್ನನ್ನು ಕೇಳಿದ್ದೀರಿ. ಹತ್ತು ವರ್ಷಗಳ ಹಿಂದೆ ಇದೇ ಪ್ರಶ್ನೆಗೆ ನಾನು ಎರಡು ತಿಂಗಳು ಸುರಿದಿದ್ದೇನೆ.

ಆಗ ನಮ್ಮ ಬಳಗ ಐಆರ್‌ಸಿಯಲ್ಲಿತ್ತು. 1988ರಲ್ಲಿ ಫಿನ್‌ಲೆಂಡಿನಲ್ಲಿ ಹುಟ್ಟಿದ, ಬರೀ ಅಕ್ಷರಗಳಲ್ಲಿ ಮಾತಾಡುವ ಚಾಟ್ ವ್ಯವಸ್ಥೆ, ನನಗಿಂತ ಎರಡೇ ವರ್ಷ ಚಿಕ್ಕದು. ನೀವು ಸಂಪರ್ಕದಲ್ಲಿ ಇಲ್ಲದಾಗ ಅಲ್ಲಿ ಆಡಿದ ಮಾತು ನಿಮಗೆ ಸಿಗುವುದಿಲ್ಲ. ಸರ್ವರ್ ಅದನ್ನು ಎತ್ತಿಡುವುದಿಲ್ಲ. ನಾನಿದ್ದದ್ದು ಶಿರಸಿಯಲ್ಲಿ. ಜೂನ್ ಬಂತೆಂದರೆ ಕರೆಂಟ್ ಸಂಜೆಗೆ ಮೂರು ಸಲ ಹೋಗುತ್ತಿತ್ತು. ಮರಳಿ ಬಂದಾಗ ‘ಏನಾಯಿತು?’ ಎಂದು ಕೇಳಿ ಕೇಳಿ ಎಲ್ಲರಿಗೂ ಬೇಸರ ತರಿಸಿದ್ದೆ. ಕೊನೆಗೆ ಒಬ್ಬರು, ಅಂದಿನ ತೀರ್ಮಾನಗಳನ್ನು ಯೋಜನೆಯ ಗಿಟ್ ರೆಪೊಸಿಟರಿಯಲ್ಲೇ (ಫೈಲುಗಳ ಪ್ರತಿ ಬದಲಾವಣೆಯನ್ನೂ ಎತ್ತಿಡುವ ಕಣಜ) ಒಂದು ಫೈಲಿಗೆ ಬರೆದಿಡಲು ಶುರು ಮಾಡಿದರು. ನಾಲ್ಕು ಸಾಲು, ಕೆಲವೊಮ್ಮೆ ಎರಡೇ.

ಆಮೇಲೆ ನನ್ನ ಒತ್ತಾಯದಿಂದಲೇ ಒಂದು ಚಂದದ ಆ್ಯಪ್‌ಗೆ ಹೋದೆವು. ಹೆಸರು ಬೇಡ. ಹಳೆಯ ಸಂದೇಶಗಳೆಲ್ಲ ಅಲ್ಲೇ ಇರುತ್ತವೆ, ಹುಡುಕಿದರೆ ಸಿಗುತ್ತವೆ, ಇನ್ನು ಫೈಲ್ ಯಾಕೆ ಎಂದು ಕೇಳಿದವನೂ ನಾನೇ. ತಪ್ಪಾದದ್ದು ಆ ಒಂದು ಮಾತು! ಆ್ಯಪ್ ಆರಿಸಿದ್ದು ತಪ್ಪಲ್ಲ, ಇವತ್ತೂ ಹಾಗೆಯೇ ಹೇಳುತ್ತೇನೆ. ಏನನ್ನೂ ಎತ್ತಿಡದ ಜಾಗದಲ್ಲಿ ಇದ್ದಾಗ ನಾವು ಹೆದರಿ ಬರೆದಿಡುತ್ತಿದ್ದೆವು. ಎಲ್ಲವೂ ಉಳಿಯುತ್ತದೆ ಎಂದು ನಂಬಿದ ದಿನ ಬರೆಯುವ ಕೈ ನಿಂತಿತು. ಬೇಡ ಎಂದು ಯಾರೂ ತೀರ್ಮಾನಿಸಲಿಲ್ಲ, ಸುಮ್ಮನೆ ನಿಂತುಹೋಯಿತು. ಆರು ತಿಂಗಳು ಅದು ನನ್ನ ಗಮನಕ್ಕೇ ಬರಲಿಲ್ಲ.

ಆ ಆರು ತಿಂಗಳಲ್ಲೇ ನಾವು ‘ರ‍್ಯಾಂಕ್’ ಬಗ್ಗೆ ಮೂರು ಸಂಜೆ ಕಾದಾಡಿದ್ದೆವು. ಕನ್ನಡ ಟೈಪಿಸುವವರಿಗೆ ಗೊತ್ತಿರುತ್ತದೆ: ರ, ವಿರಾಮ (ಅಕ್ಷರವನ್ನು ಅರ್ಧ ಮಾಡುವ ಗುರುತು), ಯ ಎಂದು ಕೊಟ್ಟರೆ ಯುನಿಕೋಡ್‌ನಲ್ಲಿ ಅರ್ಕಾವತ್ತು ಬರುತ್ತದೆ, ‘ಸೂರ್ಯ’ದಲ್ಲಿ ಇರುವಂತೆ. ‘ರ‍್ಯಾಂಕ್’ ಎಂದು ರಕಾರವೇ ಮುಂದೆ ನಿಲ್ಲಬೇಕಾದರೆ ರ ಮತ್ತು ವಿರಾಮದ ನಡುವೆ ಝೀರೋ ವಿಡ್ತ್ ಜಾಯ್ನರ್ ಎಂಬ ಕಣ್ಣಿಗೆ ಕಾಣದ ಅಕ್ಷರವನ್ನು ಇಡಬೇಕು. ‘ಸಾಫ್ಟ್‌ವೇರ್’ ಬಿಡಿಸಿ ಕಾಣಲು ಅದರ ದಾಯಾದಿ, ನಾನ್ ಜಾಯ್ನರ್, ಬೇಕು. ಎರವಲು ಪದಗಳಲ್ಲಿ ಎರಡನ್ನೂ ಉಳಿಸುವುದು ಎಂದು ಒಪ್ಪಿಕೊಂಡೆವು. ಒಪ್ಪಿದ್ದು ಚಾಟ್‌ನಲ್ಲಿ, ಉಳಿದದ್ದೂ ಚಾಟ್‌ನಲ್ಲಿ.

ವರ್ಷದ ನಂತರ ಹೊಸದಾಗಿ ಸೇರಿದ ಹುಡುಗನೊಬ್ಬ, ಕಾಣದ ಈ ಅಕ್ಷರಗಳು ಕಸವೆಂದುಕೊಂಡು ಸ್ಕ್ರಿಪ್ಟ್ ಬರೆದು ಎಲ್ಲವನ್ನೂ ಒಂದೇ ಏಟಿಗೆ ಅಳಿಸಿದ. ‘ರ‍್ಯಾಂಕ್’ ಹೋಗಿ ‘ರ್ಯಾಂಕ್’ ಆಯಿತು, ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’ ಆಯಿತು. ಇದು ಆಗಲೇ ತೀರ್ಮಾನವಾಗಿದೆ, ನೋಡಿಕೊಳ್ಳಬಾರದಿತ್ತೇ ಎಂದು ಎಲ್ಲರೆದುರು ಗದರಿದೆ. ‘ಎಲ್ಲಿ ಸರ್?’ ಎಂದು ಕೇಳಿದ. ಹುಡುಕಲು ಹೋದೆ. ಉಚಿತ ಖಾತೆಗೆ ಹಳೆಯ ಸಂದೇಶಗಳನ್ನು ತೋರಿಸುವ ಮಿತಿ ಮೀರಿತ್ತು. ನೋಡಬೇಕಾದರೆ ತಲೆಗಿಷ್ಟು ಎಂದು ಕಟ್ಟಬೇಕಿತ್ತು. ಅದು ನಿಯಮಗಳಲ್ಲೇ ಬರೆದಿತ್ತು, ನಾನು ಓದಿರಲಿಲ್ಲ. ಹಳೆಯ ಅಕ್ಷರಗಳನ್ನು ಗಿಟ್ ಮರಳಿಸಿತು. ಹುಡುಗ ಮರಳಲಿಲ್ಲ.

ಆದ್ದರಿಂದ ಯಾವ ಜಾಲ ಎಂಬ ನಿಮ್ಮ ಪ್ರಶ್ನೆಗೆ ನೀವು ಕೊಡುತ್ತಿರುವಷ್ಟು ತೂಕವನ್ನು ನಾನು ಕೊಡುವುದಿಲ್ಲ. 2021ರ ಮೇ ತಿಂಗಳಲ್ಲಿ ಫ್ರೀನೋಡ್ ಎಂಬ ಐಆರ್‌ಸಿ ಜಾಲದ ಒಡೆತನದ ಜಗಳದಲ್ಲಿ ಅಲ್ಲಿನ ಸ್ವಯಂಸೇವಕರು ಹೊರಬಂದು ಲಿಬೆರಾ ಎಂಬ ಹೊಸ ಐಆರ್‌ಸಿ ಜಾಲ ಕಟ್ಟಿದರಲ್ಲ, ಆಗ ಉಬುಂಟು, ಜೆಂಟೂನಂಥ ದೊಡ್ಡ ಲಿನಕ್ಸ್ ಬಳಗಗಳೇ ಕೆಲವು ದಿನಗಳಲ್ಲಿ ಎದ್ದು ನಡೆದವು. ಅವರ ಆಸ್ತಿ ಚಾಟ್ ಚಾನೆಲ್‌ನೊಳಗೆ ಇರಲಿಲ್ಲ. ವಿಕಿಯಲ್ಲಿ, ಕೋಡ್‌ನಲ್ಲಿ, ಹೊರಗೆ ಇತ್ತು.

ಯಾರು ಬೇಕಾದರೂ ಸ್ವಂತ ಸರ್ವರ್ ಇಟ್ಟು ಸೇರಬಹುದಾದ ಜಾಲ ಮ್ಯಾಟ್ರಿಕ್ಸ್, ಅದರ ಬಗ್ಗೆ ಒಂದು ಮಾತು. ಸ್ವಂತ ಸರ್ವರ್ ನಡೆಸುತ್ತೇನೆ ಎಂದು ಮುಂದೆ ಬರುವ ಉತ್ಸಾಹಿಗೆ ಕೆಲಸ ಸಿಕ್ಕ ಮೇಲೆ, ಮದುವೆಯಾದ ಮೇಲೆ ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಈಗಲೇ ಕೇಳಿಬಿಡಿ. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ನಿರ್ಬಂಧಿಸಿದ 14 ಆ್ಯಪ್‌ಗಳಲ್ಲಿ ಮ್ಯಾಟ್ರಿಕ್ಸ್‌ನ ಎಲಿಮೆಂಟ್ ಕೂಡ ಇತ್ತು, ಅದೂ ನೆನಪಿರಲಿ. ಡಿಸ್ಕಾರ್ಡ್ ಒಳಗಿನ ಉತ್ತರ ಗೂಗಲ್‌ನಲ್ಲಿ ಹುಡುಕುವ ಹೊರಗಿನವರಿಗೆ ಸಿಗುವುದಿಲ್ಲ. ಲಿಬೆರಾ ನನಗಿಷ್ಟ, ಆದರೆ ಅದು ನನ್ನ ವಯಸ್ಸಿನ ಚಪಲವೂ ಇರಬಹುದು.

ನಿಮ್ಮ ಹದಿನೈದು ಜನರಲ್ಲಿ, ಹೇಳದೆಯೂ ತೀರ್ಮಾನಗಳನ್ನು ಬರೆದಿಡುವವರು ಯಾರು ಎಂದು ಮೊದಲು ನೋಡಿ. ಒಬ್ಬರಾದರೂ ಇರುತ್ತಾರೆ. ಅವರು ದಿನವೂ ತೆರೆಯುವ ಜಾಲ ಯಾವುದೋ ಅಲ್ಲಿಗೇ ಎಲ್ಲರೂ ಹೋಗಿ. ನಮ್ಮಲ್ಲಿ ಆ ಕೆಲಸ ಹಿಡಿದವರು ಪುತ್ತೂರಿನ ಒಬ್ಬ ಬ್ಯಾಂಕ್ ಉದ್ಯೋಗಿ. ಅವರಿಗೆ ಟೆಲಿಗ್ರಾಂ ಬಿಟ್ಟು ಬೇರೆ ಬರುವುದಿಲ್ಲ, ಕಲಿಯುವ ಆಸೆಯೂ ಇಲ್ಲ. ಹಾಗಾಗಿ ನಾನೂ ಈಗ ಟೆಲಿಗ್ರಾಂನಲ್ಲಿದ್ದೇನೆ. ಫೈಲಿನ ಮೊದಲ ಸಾಲು ‘ರ‍್ಯಾಂಕ್’.