ಫ್ರಂಟೆಂಡ್ ಕೆಲಸದ ಸಿವಿ: ಪ್ರಾಜೆಕ್ಟ್ ಸಾಲುಗಳನ್ನು ಹೀಗೆ ತಿದ್ದಿ

ಬಿಸಿಎ ಮುಗಿದಿದೆ, ಫ್ರಂಟೆಂಡ್ ಕೆಲಸಕ್ಕೆ (ವೆಬ್‌ಸೈಟ್‌ನಲ್ಲಿ ಕಣ್ಣಿಗೆ ಕಾಣುವ ಭಾಗ ಮಾಡುವುದು) ಬೇಕಾದ ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಕಲಿತಿದ್ದೀರಿ, ಎಷ್ಟು ಕಡೆ ಅಪ್ಲೈ ಮಾಡಿದರೂ ಕರೆ ಬರುತ್ತಿಲ್ಲ ಎಂದು ಬರೆದಿದ್ದೀರಿ. ನೀವು ಹಾಕಿದ ಸಿವಿ ಪೂರ್ತಿ ಓದಿದೆ. ನಿಮಗೆ ಕೆಲಸ ಗೊತ್ತಿದೆ. ಅದು ಸಿವಿಯಲ್ಲಿ ಕಾಣುತ್ತಿಲ್ಲ, ಅಷ್ಟೇ.

ಸುಲಭದ್ದು ಮೊದಲು. ತಂದೆಯ ಹೆಸರು, ಹುಟ್ಟಿದ ದಿನ, ಫೋಟೊ, ಕೊನೆಯ ಡಿಕ್ಲರೇಷನ್ ಎಲ್ಲ ತೆಗೆಯಿರಿ. ಜಾವಾಸ್ಕ್ರಿಪ್ಟ್ 90%, ಸಿಎಸ್‌ಎಸ್ 85% ಎಂಬ ಪಟ್ಟಿಗಳೂ ಬೇಡ. ಎರಡು ಕಾಲಂ ಬಿಟ್ಟು ಒಂದೇ ಕಾಲಂ ಮಾಡಿ, ಒಂದೇ ಪುಟ ಸಾಕು. ಪಿಡಿಎಫ್‌ನಲ್ಲಿ ಇರುವುದೆಲ್ಲವನ್ನೂ ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ ನೋಡಿ. ಅಲ್ಲಿ ಸಾಲುಗಳು ಕಲಸಿಹೋದರೆ ಸಿವಿ ಓದುವ ಕಂಪನಿಯ ಸಾಫ್ಟ್‌ವೇರ್‌ಗೂ ಹಾಗೇ ಕಾಣುವ ಸಾಧ್ಯತೆ ಜಾಸ್ತಿ.

ಇನ್ನು ಪ್ರಾಜೆಕ್ಟ್. ಕರೆ ಬರುವುದು ಬಿಡುವುದು ಹೆಚ್ಚಾಗಿ ಇಲ್ಲೇ ತೀರ್ಮಾನ ಆಗುತ್ತದೆ ಎಂದು ನನಗೆ ಅನಿಸುತ್ತದೆ. ಟು-ಡೂ ಆ್ಯಪ್, ಹವಾಮಾನದ ಆ್ಯಪ್, ನೆಟ್‌ಫ್ಲಿಕ್ಸ್ ಕ್ಲೋನ್ ಹೊಸಬರಲ್ಲಿ ಬಹಳ ಜನ ಹಾಕುತ್ತಾರೆ. ನಿಮ್ಮೂರಿನ ಗ್ರಂಥಾಲಯಕ್ಕೆ ಕನ್ನಡ ವೆಬ್‌ಸೈಟ್ ಮಾಡಿಕೊಟ್ಟಿದ್ದೀರಲ್ಲ, ಅದನ್ನು ಕೊನೆಗೆ ತಳ್ಳಿ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ! ಅದು ಮೇಲೆ ಬರಬೇಕು. ‘ರಿಯಾಕ್ಟ್ ಬಳಸಿ ರೆಸ್ಪಾನ್ಸಿವ್ (ಪರದೆಯ ಅಳತೆಗೆ ಹೊಂದಿಕೊಳ್ಳುವ) ವೆಬ್‌ಸೈಟ್ ಮಾಡಿದೆ’ ಎಂದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಏನು ತೊಂದರೆ ಇತ್ತು, ನೀವು ಏನು ಮಾಡಿದಿರಿ ಬರೆಯಿರಿ. ‘ಬಟನ್‌ಗಳಲ್ಲಿ ಕನ್ನಡದ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುತ್ತಿತ್ತು, ಫಿಕ್ಸೆಡ್ ಹೈಟ್ (ಬಟನ್‌ಗೆ ಕಟ್ಟಿಹಾಕಿದ ಎತ್ತರ) ತೆಗೆದು, ಲೈನ್-ಹೈಟ್ (ಸಾಲಿನ ಎತ್ತರ) ಹೆಚ್ಚಿಸಿ ಸರಿಪಡಿಸಿದೆ.’ ಈ ಥರ. ಇಂಗ್ಲಿಷಿನಲ್ಲೇ ಬರೆಯುತ್ತೀರಿ, ಆದರೆ ವಿಷಯ ಇಷ್ಟು ನಿಖರವಾಗಿರಲಿ. ಸಂದರ್ಶನದಲ್ಲಿ ಇದರ ಬಗ್ಗೆ ಕೇಳಿದರೆ ನೀವು ಧೈರ್ಯವಾಗಿ ಮಾತಾಡಬಹುದು, ಅಲ್ವಾ?

ವೇಗದ ಬಗ್ಗೆ ಸುಮ್ನೆ ‘ಫಾಸ್ಟ್’ ಎನ್ನಬೇಡಿ. ಪುಟದ ವೇಗ ಅಳೆಯುವ ಗೂಗಲ್‌ನ ಲೈಟ್‌ಹೌಸ್‌ನಲ್ಲಿ ನೀವೇ ಅಳೆದ ಅಂಕಿ ಹಾಕಿ. ಎಲ್‌ಸಿಪಿ (ಪುಟದ ದೊಡ್ಡ ಭಾಗ ಕಾಣಲು ಹಿಡಿಯುವ ಸಮಯ) 2.5 ಸೆಕೆಂಡ್ ಒಳಗೆ, ಸಿಎಲ್‌ಎಸ್ (ಲೋಡ್ ಆಗುವಾಗ ಪುಟ ಎಷ್ಟು ಅಲುಗುತ್ತದೆ ಎಂಬ ಅಂಕ) 0.1 ಒಳಗೆ ಇದ್ದರೆ ಗೂಗಲ್ ಲೆಕ್ಕದಲ್ಲಿ ಚೆನ್ನಾಗಿದೆ. ನೀವು ಎಫ್‌ಐಡಿ (ಮೊದಲ ಸಲ ಒತ್ತಿದಾಗ ಆಗುವ ತಡ) ಎಂದೂ ಬರೆದಿದ್ದೀರಿ. 2024ರ ಮಾರ್ಚ್‌ನಲ್ಲಿ ಅದರ ಜಾಗಕ್ಕೆ ಐಎನ್‌ಪಿ (ಒತ್ತಿದ್ದಕ್ಕೆ ಪುಟ ಸ್ಪಂದಿಸಲು ಹಿಡಿಯುವ ಸಮಯ) ಬಂದಿದೆ, ತಿದ್ದಿಬಿಡಿ.

ಲಿಂಕ್‌ಗಳನ್ನು ಫೋನಿನಲ್ಲಿ, ಇನ್‌ಕಾಗ್ನಿಟೊದಲ್ಲಿ ತೆರೆದು ನೋಡಿ. ಸೈಟಿಗೆ ಡೇಟಾ ಕೊಡುವ ನಿಮ್ಮ ಎಪಿಐ, ರೆಂಡರ್ ಎಂಬ ಹೋಸ್ಟಿಂಗ್ ಸೇವೆಯ ಫ್ರೀ ಪ್ಲಾನ್‌ನಲ್ಲಿದೆ. ಸ್ವಲ್ಪ ಹೊತ್ತು ಯಾರೂ ಬಳಸದಿದ್ದರೆ ಅದು ನಿಂತುಹೋಗುತ್ತದೆ, ಮತ್ತೆ ಏಳಲು ತಡ ಮಾಡುತ್ತದೆ. ನಾನು ತೆರೆದಾಗ ಖಾಲಿ ಪುಟವೇ ಬಂತು. ಡೆಮೊಗೆ ಡೇಟಾವನ್ನು ಜೇಸನ್ (JSON) ಫೈಲ್‌ನಲ್ಲೇ ಇಟ್ಟು, ನೆಟ್ಲಿಫೈ ಎಂಬ ಇನ್ನೊಂದು ಹೋಸ್ಟಿಂಗ್ ಸೇವೆಗೆ ಹಾಕಿದರೆ ಈ ತಾಪತ್ರಯ ಇಲ್ಲ. ಗಿಟ್‌ಹಬ್‌ನಲ್ಲಿ ಕೋಡ್ ಜೊತೆ ಇಡುವ ಪರಿಚಯದ ಫೈಲ್ ರೀಡ್‌ಮೀಯಲ್ಲಿ ಎರಡು ಸ್ಕ್ರೀನ್‌ಶಾಟ್ ಇರಲಿ.

ತಿದ್ದಿದ ಮೇಲೆ ಸಿವಿಯಿಂದ ಫೋನ್ ನಂಬರ್ ಅಳಿಸಿ ಇಲ್ಲೇ ಹಾಕಿ. ಇನ್ನೊಮ್ಮೆ ಓದಿ ಹೇಳುತ್ತೇನೆ.