ಕೆವಿಎಂ ಸ್ವಿಚ್ ಒತ್ತಿದರೆ ವಿಂಡೋಗಳೆಲ್ಲ ಚೆಲ್ಲಾಪಿಲ್ಲಿ

ಪ್ರಶ್ನೆ: ಕಚೇರಿಯ ವಿಂಡೋಸ್ 11 ಲ್ಯಾಪ್‌ಟಾಪ್, ಸ್ವಂತದ ಉಬುಂಟು ಡೆಸ್ಕ್‌ಟಾಪ್ ಎರಡಕ್ಕೂ ಒಂದೇ 4ಕೆ ಮಾನಿಟರ್ ಇದೆ. ಒಂದೇ ಕೀಬೋರ್ಡ್, ಮೌಸ್, ಮಾನಿಟರನ್ನು ಎರಡೂ ಯಂತ್ರಗಳಿಗೆ ಹಂಚುವ ಎಚ್‌ಡಿಎಂಐ ಕೆವಿಎಂ ಸ್ವಿಚ್ ಹಾಕಿದ ಮೇಲೆ ಮೌಸ್ ಬಾಣ ತಡೆತಡೆದು ಓಡುತ್ತದೆ. ಡೆಸ್ಕ್‌ಟಾಪ್‌ಗೆ ಹೋಗಿ ವಾಪಸ್ ಬಂದರೆ, ಜೋಡಿಸಿಟ್ಟ ವಿಂಡೋಗಳೆಲ್ಲ ಲ್ಯಾಪ್‌ಟಾಪಿನ ಚಿಕ್ಕ ಪರದೆಯಲ್ಲಿ ಗುಡ್ಡೆ ಬಿದ್ದಿರುತ್ತವೆ. ಸ್ವಿಚ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿರಲಿಕ್ಕಿಲ್ಲ. ಇವು ಎರಡು ಬೇರೆ ಬೇರೆ ತೊಂದರೆಗಳು.

ಡಬ್ಬದ ಮೇಲೆ ‘4ಕೆ’ ಎಂದಷ್ಟೇ ಬರೆದಿದ್ದರೆ ಅರ್ಧ ಮಾತು ಹೇಳಿದಂತೆ. ಎಚ್‌ಡಿಎಂಐ 1.4 ಸ್ವಿಚ್ಚೂ 4ಕೆ ತೋರಿಸುತ್ತದೆ, ಆದರೆ 30 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 30 ಸಲ ಮಾತ್ರ ಚಿತ್ರ ಬದಲಿಸುತ್ತ. 60 ಹರ್ಟ್ಸ್‌ಗೆ ಸೆಕೆಂಡಿಗೆ ಸುಮಾರು 18 ಗಿಗಾಬಿಟ್ ಹರಿಯಬೇಕು, 1.4ರ ಮಿತಿ 10.2. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ರಿಫ್ರೆಶ್ ರೇಟ್ ನೋಡಿ. 30 ಇದ್ದರೆ ಸ್ವಿಚ್ ಬಿಟ್ಟು ಅದೇ ಕೇಬಲ್ಲನ್ನು ನೇರ ಮಾನಿಟರ್‌ಗೆ ಸಿಕ್ಕಿಸಿ. ಆಗ 60 ಬಂದರೆ ತಪ್ಪು ಸ್ವಿಚ್ಚಿನದು. ಆಗಲೂ 30ರಲ್ಲೇ ನಿಂತರೆ ಕೇಬಲ್ ಅಥವಾ ಯುಎಸ್‌ಬಿ-ಸಿ ಅಡಾಪ್ಟರ್ ಮೇಲೆ ಅನುಮಾನಪಡಿ. ಅಗ್ಗದ ಅಡಾಪ್ಟರ್‌ಗಳು ಎಷ್ಟೋ ಸಲ 30ಕ್ಕೇ ನಿಲ್ಲುತ್ತವೆ. 60 ಇದ್ದೂ ಬಾಣ ತಡೆಯುತ್ತಿದ್ದು, ಮೌಸ್ ವೈರ್‌ಲೆಸ್ ಆಗಿದ್ದರೆ, ಅದರ ರಿಸೀವರ್ ಎಲ್ಲಿದೆ ನೋಡಿ. ಯುಎಸ್‌ಬಿ 3.0 ಪೋರ್ಟ್ ಹೊರಸೂಸುವ ಗದ್ದಲ 2.4 ಗಿಗಾಹರ್ಟ್ಸ್ ಸುತ್ತಲೇ ಬೀಳುತ್ತದೆ. ಅರ್ಧ ಮೀಟರಿನ ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ತಂದು ರಿಸೀವರನ್ನು ಮೇಜಿನ ಮೇಲಕ್ಕೆ ತಂದರೆ ಸಾಕು.

ಇನ್ನು ವಿಂಡೋಗಳ ಗುಡ್ಡೆ. ತನ್ನ ಗಾತ್ರವೇನು, ಯಾವ ರೆಸಲ್ಯೂಷನ್ ತಾಳುತ್ತದೆ ಎಂಬುದನ್ನು ಮಾನಿಟರ್ ಕಂಪ್ಯೂಟರಿಗೆ ಒಂದು ಸಣ್ಣ ಜಾತಕದ ಹಾಗೆ ಕೊಡುತ್ತದೆ. ಅದರ ಹೆಸರು ಇಡಿಐಡಿ. ಸಾದಾ ಸ್ವಿಚ್ ಡೆಸ್ಕ್‌ಟಾಪ್ ಕಡೆ ತಿರುಗಿದ ಕೂಡಲೇ ಲ್ಯಾಪ್‌ಟಾಪ್‌ಗೆ ಈ ಜಾತಕ ತಪ್ಪಿಹೋಗುತ್ತದೆ. ಯಾರೋ ಕೇಬಲ್ ಕಿತ್ತರು ಎಂದುಕೊಂಡು ಅದು ಎಲ್ಲವನ್ನೂ ತನ್ನ ಪರದೆಗೆ ಎಳೆದುಕೊಳ್ಳುತ್ತದೆ. ‘ಇಡಿಐಡಿ ಎಮ್ಯುಲೇಷನ್’ ಇರುವ ಸ್ವಿಚ್ ಮಾನಿಟರ್ ಇನ್ನೂ ಅಲ್ಲೇ ಇದೆ ಎಂದು ನಟಿಸುತ್ತಿರುತ್ತದೆ. ಬೆಲೆಯಲ್ಲಿ ಕಾಣುವ ದೊಡ್ಡ ಅಂತರಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಅಂಥದ್ದನ್ನು ಕೊಳ್ಳುವವರೆಗೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ‘ಮಲ್ಟಿಪಲ್ ಡಿಸ್‌ಪ್ಲೇಸ್’ ಅಡಿಯಲ್ಲಿ, ಮಾನಿಟರ್ ಸಂಪರ್ಕಕ್ಕೆ ತಕ್ಕಂತೆ ವಿಂಡೋ ಜಾಗ ನೆನಪಿಡುವ ಆಯ್ಕೆಗೆ ಟಿಕ್ ಹಾಕಿಡಿ. ವಾಪಸ್ ಬಂದಾಗ ಬಹುಪಾಲು ತಮ್ಮ ಜಾಗಕ್ಕೆ ಮರಳುತ್ತವೆ.

ಹೊಸ ಸ್ವಿಚ್‌ಗೆ ದುಡ್ಡು ಹಾಕುವ ಮುಂಚೆ ಮಾನಿಟರಿನ ಹಿಂಬದಿ ನೋಡಿ. ಎರಡು ಇನ್‌ಪುಟ್ ಇದ್ದರೆ ಚಿತ್ರವನ್ನು ಸ್ವಿಚ್ಚಿನ ಮೂಲಕ ಹಾಯಿಸುವ ಅಗತ್ಯವೇ ಇಲ್ಲ. ಡೆಸ್ಕ್‌ಟಾಪನ್ನು ಡಿಸ್‌ಪ್ಲೇಪೋರ್ಟ್‌ಗೆ, ಲ್ಯಾಪ್‌ಟಾಪನ್ನು ಎಚ್‌ಡಿಎಂಐಗೆ ನೇರ ಜೋಡಿಸಿ. ಕೀಬೋರ್ಡ್, ಮೌಸ್‌ಗಳಿಗೆ ಮಾತ್ರ ಬರೀ ಯುಎಸ್‌ಬಿ ಸ್ವಿಚ್ ಸಾಕು. ಒಂದರ ಬದಲು ಎರಡು ಗುಂಡಿ ಒತ್ತಬೇಕಾದೀತು, ಅಷ್ಟೇ. ಲಿನಕ್ಸ್ (ಉಬುಂಟು) ಕಡೆಯಿಂದ ಡಿಡಿಸಿಯುಟಿಲ್ (ddcutil) ಎಂಬ ತಂತ್ರಾಂಶ ಬಳಸಿ ಮಾನಿಟರಿನ ಇನ್‌ಪುಟ್ ಬದಲಿಸಲೂ ಬರುತ್ತದೆ. ಬಳಕೆಯಲ್ಲಿಲ್ಲದ ಇನ್‌ಪುಟ್‌ನಲ್ಲೂ ಜಾತಕ ಕೊಡುತ್ತಲೇ ಇರುವ ಮಾನಿಟರ್‌ಗಳಲ್ಲಿ ಗುಡ್ಡೆಯ ತೊಂದರೆಯೂ ತಪ್ಪುತ್ತದೆ. ಕೆಲವು, ಅದರಲ್ಲೂ ಡಿಸ್‌ಪ್ಲೇಪೋರ್ಟ್‌ನಲ್ಲಿ, ಹಾಗೆ ಮಾಡುವುದಿಲ್ಲ. ಲ್ಯಾಪ್‌ಟಾಪನ್ನು ಎಚ್‌ಡಿಎಂಐಗೆ ಹಾಕಿ ಎಂದದ್ದು ಅದಕ್ಕೇ.

ಪ್ರಶ್ನೆ: ಒಂದೇ ಕಂಪ್ಯೂಟರಿನಲ್ಲಿ ಲಿನಕ್ಸ್ ಮಿಂಟ್ ಜೊತೆ ವಿಂಡೋಸ್ ಉಳಿಸಿಕೊಂಡಿರುವುದು ‘ನುಡಿ’ ಕನ್ನಡ ತಂತ್ರಾಂಶದ ಹಳೆಯ ಕಡತಗಳಿಗಾಗಿ. ಆದರೆ ಮಿಂಟ್‌ನಿಂದ ವಿಂಡೋಸ್‌ಗೆ ಬಂದಾಗಲೆಲ್ಲ ಗಡಿಯಾರ ಐದೂವರೆ ಗಂಟೆ ಹಿಂದೆ. ಮಿಂಟ್‌ನಲ್ಲಿ ವಿಂಡೋಸ್ ಡ್ರೈವ್‌ಗೆ ಏನನ್ನೂ ಬರೆಯಲೂ ಆಗುತ್ತಿಲ್ಲ.

ಉತ್ತರ: ಮದರ್‌ಬೋರ್ಡಿನ ಗಡಿಯಾರದಲ್ಲಿ ಮಿಂಟ್ ವಿಶ್ವಮಾನ ಸಮಯ ಬರೆದಿಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ. ಆ 5:30ರ ಅಂತರವೇ ನಿಮಗೆ ಕಾಣುತ್ತಿರುವುದು. ಮಿಂಟ್‌ನ ಟರ್ಮಿನಲ್‌ನಲ್ಲಿ ‘ಟೈಮ್‌ಡೇಟ್‌ಸಿಟಿಎಲ್’ ಆಜ್ಞೆಗೆ ‘ಸೆಟ್-ಲೋಕಲ್-ಆರ್‌ಟಿಸಿ 1’ ಸೇರಿಸಿ ಓಡಿಸಿ (timedatectl set-local-rtc 1). ಇದು ಸರಿಯಾದ ಪದ್ಧತಿಯಲ್ಲ ಎಂದು ಅದು ಎಚ್ಚರಿಸೀತು. ಆ ಎಚ್ಚರಿಕೆ ಮುಖ್ಯವಾಗಿ ಬೇಸಿಗೆ, ಚಳಿಗಾಲಕ್ಕೆ ಗಡಿಯಾರ ತಿರುಗಿಸುವ ದೇಶಗಳಿಗೆ. ನಮಗೆ ಆ ಕಾಟವಿಲ್ಲ.

ಡ್ರೈವ್‌ಗೆ ಬೀಗ ಬೀಳುವುದು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್‌ನಿಂದ. ಶಟ್‌ಡೌನ್ ಎಂದರೂ ಅದು ಪೂರ್ತಿ ಮಲಗುವುದಿಲ್ಲ, ತನ್ನ ಸ್ಥಿತಿಯನ್ನು ಡ್ರೈವ್‌ನಲ್ಲಿ ಬರೆದಿಟ್ಟು ಅರ್ಧ ಹೈಬರ್ನೇಟ್ ಆಗಿರುತ್ತದೆ. ಆ ಸ್ಥಿತಿಯ ಡ್ರೈವನ್ನು ಮಿಂಟ್ ಓದಲು ಮಾತ್ರ ತೆರೆಯುತ್ತದೆ, ಮತ್ತು ಅದು ಮಾಡುವುದು ಸರಿ. ಬಲವಂತವಾಗಿ ಬರೆಯಹೋದರೆ ಕಡತಗಳು ಹಾಳಾಗುವ ಅಪಾಯ ನಿಮಗೇ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್ ಏನು ಮಾಡಬೇಕೆಂದು ಆರಿಸುವ ಪುಟದಲ್ಲಿ ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೆಯಿರಿ. ಆಮೇಲೆ ಒಮ್ಮೆ ವಿಂಡೋಸನ್ನು ಪೂರ್ತಿ ಶಟ್‌ಡೌನ್ ಮಾಡಿಯೇ ಮಿಂಟ್‌ಗೆ ಬನ್ನಿ.

ನುಡಿಗಾಗಿ ಮಾತ್ರ ವಿಂಡೋಸ್ ಎಂದಾದರೆ, 16 ಜಿಬಿ ರ್‍ಯಾಮ್ ಇರುವ ಯಂತ್ರದಲ್ಲಿ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ನಟಿಸುವ ತಂತ್ರಾಂಶ) ಒಳಗೆ ಅದನ್ನು ಓಡಿಸುವುದೇ ಹಗುರ. ಗಡಿಯಾರ, ಬೀಗ ಎರಡರ ಕಿರಿಕಿರಿಯೂ ಅಲ್ಲಿ ಹುಟ್ಟುವುದಿಲ್ಲ.